ಎಂಟು ಪುಸ್ತಕಗಳಲ್ಲಿ ಹಂಚಿಹೋದ ಹಾಡು

ಹೀಬ್ರೂ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತವೆ, ಯುರೋಪಿನ ಸ್ವರಲಿಪಿ ಎಡದಿಂದ ಬಲಕ್ಕೆ. 1622ರ ಸುಮಾರಿಗೆ ವೆನಿಸ್ ನಗರದ ಬ್ರಗಾದಿನಿ ಅಚ್ಚುಕೂಟದಲ್ಲಿ ಇವೆರಡೂ ಒಂದೇ ಪುಟದ ಮೇಲೆ ಡಿಕ್ಕಿ ಹೊಡೆದವು. ಯೆಹೂದಿಗಳ ಪ್ರಾರ್ಥನೆಗಳನ್ನು ಹಲವು ದನಿಗಳ ಹಾಡಾಗಿ ಅಚ್ಚು ಮಾಡಿದ ಪುಸ್ತಕ ಅದಕ್ಕೆ ಮೊದಲು ಇರಲಿಲ್ಲ. ಹಾಗಾಗಿ ನೋಡಿ ಕಲಿಯಲು ಮಾದರಿಯೂ ಇರಲಿಲ್ಲ. ಸ್ವರಗಳನ್ನು ತಿರುಗಿಸುವುದೋ, ಪದಗಳನ್ನು ತಿರುಗಿಸುವುದೋ? ಸಂಗೀತ ರಚಿಸಿದ ಸಾಲಮೋನೆ ರೊಸ್ಸಿ ಎರಡನ್ನೂ ತಿರುಗಿಸಲಿಲ್ಲ. ಸ್ವರಗಳು ತಮ್ಮ ರೂಢಿಯಂತೆ ಎಡದಿಂದ ಬಲಕ್ಕೆ ನಡೆದವು. ಅವುಗಳ ಕೆಳಗೆ ಒಂದೊಂದು ಹೀಬ್ರೂ ಪದವೂ ಇಡಿಯಾಗಿ, ತನ್ನ ರೂಢಿಯಂತೆ ಬಲದಿಂದ ಎಡಕ್ಕೆ ನಿಂತಿತು. ಪ್ರಾರ್ಥನೆಯ ಪದಗಳು ಎಲ್ಲರಿಗೂ ಬಾಯಿಪಾಠ, ಅವನ್ನು ಹಿಂದುಮುಂದಾಗಿ ಓದಿದರೂ ನಡೆಯುತ್ತದೆ, ಸ್ವರಗಳನ್ನೇ ತಿರುಗಿಸಿದರೆ ಹಾಡುವವರ ತಲೆ ಕೆಡುತ್ತದೆ ಎಂಬ ಸಮಜಾಯಿಷಿ ಪುಸ್ತಕದ ಮುನ್ನುಡಿಯಲ್ಲಿದೆ.

ಈ ಸಂಕಟ ನನಗೆ ಯಾರೂ ವಿವರಿಸದೆಯೇ ಅರ್ಥವಾಯಿತು. ನನ್ನ ಅಪ್ಪ ಬಲ್ಮಠದ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಪ್ರೆಸ್ಸು ಅದು. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಗಿ ಹೊರಬಂದದ್ದು ಅಲ್ಲಿಂದಲೇ. ಜರ್ಮನ್ ರಾಗಗಳಿಗೆ ಕನ್ನಡ ಪದ ಕೂಡಿಸಿ ನಾಲ್ಕು ದನಿಯಲ್ಲಿ ಹಾಡಿ ಬೆಳೆದ ಸಭೆ ನಮ್ಮದು. ರಾಗ ದೀರ್ಘ ಕೇಳುವ ಕಡೆ ಕನ್ನಡದ ಹ್ರಸ್ವ ಬಂದು ಕೂತಿರುತ್ತದೆ. ಪದ ಒಡೆದು ಸ್ವರದ ಕೆಳಗೆ ಇಡುವಾಗ ಒತ್ತಕ್ಷರವನ್ನು ಹಿಂದಿನ ಸ್ವರಕ್ಕೆ ಕೊಡಬೇಕೋ ಮುಂದಿನದಕ್ಕೋ ಎಂದು ಅಪ್ಪ ಮನೆಯಲ್ಲೂ ಪ್ರೂಫ್ ಹಿಡಿದು ಗುನುಗುತ್ತಿದ್ದರು. ನಾನು ಅದೇ ಸಭೆಯ ಕೊಯರಿನಲ್ಲಿ ಬಾಸ್ ಹಾಡುವವನು. ರೊಸ್ಸಿಯ ಹೆಸರು ನನ್ನ ಕಿವಿಗೆ ಬಿದ್ದದ್ದು ತೀರ ತಡವಾಗಿ. ಆದರೆ ಆ ಪುಸ್ತಕದ ಒಂದು ಪುಟದ ಚಿತ್ರ ನೋಡಿದ ಕೂಡಲೇ, ಇದು ನಮ್ಮ ಮನೆಯ ಜಗಳ ಅನ್ನಿಸಿತು.

ರೊಸ್ಸಿ ಹುಟ್ಟಿದ್ದು 1570ರ ಆಸುಪಾಸು, ಬಾಳಿದ್ದು ಉತ್ತರ ಇಟಲಿಯ ಮಾಂಟುವಾದಲ್ಲಿ. ಅಲ್ಲಿ ಗೊನ್ಜಾಗಾ ಮನೆತನದ ಡ್ಯೂಕ್‌ಗಳ ಆಳ್ವಿಕೆ. ಡ್ಯೂಕ್ ವಿನ್ಚೆನ್ಜೊನ ಆಸ್ಥಾನದಲ್ಲಿ ಸಂಗೀತಕ್ಕೆ, ನಾಟಕಕ್ಕೆ ಹಣ ನೀರಿನಂತೆ ಹರಿಯುತ್ತಿತ್ತು. ಸಂಗೀತಗಾರ ಮೊಂತೆವೆರ್ದಿಯ ಗೀತನಾಟಕ 'ಒರ್ಫೆಯೊ' 1607ರಲ್ಲಿ ಮೊದಲು ರಂಗಕ್ಕೆ ಬಂದದ್ದು ಆ ಊರಿನಲ್ಲೇ. ರೊಸ್ಸಿ ಅಲ್ಲಿ ಪಿಟೀಲು ನುಡಿಸುತ್ತಿದ್ದ, ಪಿಟೀಲಿಗೆ ಬರೆಯುತ್ತಿದ್ದ. ಎರಡು ಮೇಲಿನ ವಾದ್ಯ, ಕೆಳಗೊಂದು ಆಧಾರ ಎಂಬ ಮೂವರ ಜೋಡಣೆಯನ್ನು ಮೊದಲಾಗಿ ಅಚ್ಚಿಗೆ ತಂದವರಲ್ಲಿ ಅವನೂ ಒಬ್ಬ. 1608ರ ರಾಜಮನೆತನದ ಮದುವೆಗೆ ಆಡಿದ ನಾಟಕಕ್ಕೆ ಮೊಂತೆವೆರ್ದಿಯೂ ಅವನೂ ಪಾಲು ಹಂಚಿಕೊಂಡು ಸಂಗೀತ ಕೊಟ್ಟರು. 1589ರಿಂದ 1628ರವರೆಗೆ ಅವನ 13 ಸಂಗೀತ ಪುಸ್ತಕಗಳು ಹೊರಬಂದವು. ಒಂದನ್ನು ಬಿಟ್ಟು ಉಳಿದವೆಲ್ಲ ಇಟಾಲಿಯನ್ ಪ್ರೇಮಗೀತೆಗಳು, ಕುಣಿತದ ಗತ್ತುಗಳು, ವಾದ್ಯ ಸಂಗೀತ. ಹೆಸರಿನ ಪಕ್ಕದಲ್ಲಿ 'ಎಬ್ರೆಯೊ', ಅಂದರೆ ಯೆಹೂದಿ, ಎಂದು ಅಚ್ಚಾಗುತ್ತಿತ್ತು. ಊರಿನ ಯೆಹೂದಿಗಳು ಬಟ್ಟೆಯ ಮೇಲೆ ಹಳದಿ ಗುರುತು ಧರಿಸಬೇಕಿತ್ತು. 1606ರಲ್ಲಿ ಡ್ಯೂಕ್ ಅವನಿಗೆ ವಿನಾಯಿತಿ ಕೊಟ್ಟ. 1610ರ ನಂತರ ಮಾಂಟುವಾದಲ್ಲಿ ಯೆಹೂದಿಗಳನ್ನು ಬೇರೆಯಾಗಿ ಇರಿಸುವ ಕೇರಿ, ಗೆಟ್ಟೊ, ಎದ್ದಿತು. ಅರಮನೆಗೆ ಬೇಕಾದವರೂ ಸಂಜೆ ಅದರ ಗೋಡೆಯೊಳಗೆ ಮರಳುವ ಕಾಲ ಬಂತು.

ಉಳಿದ ಆ ಒಂದು ಪುಸ್ತಕವೇ ನಮ್ಮ ಕಥೆ. ಅದರಲ್ಲಿ 33 ರಚನೆಗಳಿವೆ, ಮೂರು ದನಿಯಿಂದ ಎಂಟು ದನಿಯವರೆಗೆ: ದಾವೀದನ ಕೀರ್ತನೆಗಳು, ಸಬ್ಬತ್ತಿನ ಪ್ರಾರ್ಥನೆಗಳು, ಹಬ್ಬದ ಸ್ತುತಿಗಳು, ಕೊನೆಗೆ ಪ್ರತಿಧ್ವನಿಯ ಆಟವಿರುವ ಒಂದು ಮದುವೆ ಹಾಡು. ಯೆರೂಸಲೇಮಿನ ದೇವಾಲಯ ಕ್ರಿ.ಶ. 70ರಲ್ಲಿ ಬಿದ್ದ ಮೇಲೆ ಯೆಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳ ಆರಾಧನೆಯಲ್ಲಿ ವಾದ್ಯಗಳಿಗೆ ಜಾಗವಿರಲಿಲ್ಲ. ಅದು ಶೋಕದ ಗುರುತು. ಹಾಗಾಗಿ ಪಿಟೀಲಿನವನು ಪಿಟೀಲನ್ನು ಬದಿಗಿಟ್ಟು ಬರೀ ಕಂಠಗಳಿಗೆ ಬರೆದ.

ವಾದ್ಯ ಬಿಟ್ಟರೂ ತಕರಾರು ಬಿಡಲಿಲ್ಲ. ಶೋಕದಲ್ಲಿರುವ ಜನ ಇಷ್ಟು ಚಂದವಾಗಿ ಹಾಡುವುದು ಸರಿಯೇ ಎಂಬುದು ಹಳೆಯ ಪ್ರಶ್ನೆ. 1605ರಲ್ಲಿ ಫೆರ್ರಾರಾ ಪಟ್ಟಣದಲ್ಲಿ ಸಂಗೀತಶಾಸ್ತ್ರ ಬಲ್ಲ ಆರೆಂಟು ಮಂದಿ ಹಬ್ಬದ ದಿನ ಸಿನಗಾಗಿನಲ್ಲಿ ದನಿಗೂಡಿಸಿ ಹಾಡಿದಾಗ ಒಬ್ಬಾತ ಎದ್ದು ನಿಂತು ಇದು ನಿಷಿದ್ಧ ಎಂದು ಗದರಿಸಿದ್ದ. ಅದಕ್ಕೆ ಧರ್ಮಶಾಸ್ತ್ರದ ಉತ್ತರ ಬರೆದವನು ಲಿಯೊನೆ ಮೊದೆನಾ. ವೆನಿಸಿನ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಅದಕ್ಕೆ ಸಹಿ ಹಾಕಿದರು. ರೊಸ್ಸಿಯ ಪುಸ್ತಕದ ಅಚ್ಚಿನ ಹೊಣೆ ಹೊತ್ತವನೂ ಕರಡು ತಿದ್ದಿದವನೂ ಇದೇ ಮೊದೆನಾ. ತನ್ನ ಹಳೆಯ ಉತ್ತರವನ್ನು ಪುಸ್ತಕದ ಆರಂಭದಲ್ಲೇ ಮತ್ತೆ ಅಚ್ಚು ಮಾಡಿಸಿದ.

ಮೊದೆನಾ ಸಾಧಾರಣ ಆಸಾಮಿಯಲ್ಲ. ವೆನಿಸಿನ ಗೆಟ್ಟೊದಲ್ಲಿ ರಬ್ಬಿ, ಒಳ್ಳೆಯ ಕಂಠದ ಹಾಡುಗಾರ, ಜೂಜಿನ ಚಟ ಬಿಡಲಾರದವ. ತನ್ನ ಆತ್ಮಕಥೆಯಲ್ಲಿ ತಾನು ಹೊಟ್ಟೆಪಾಡಿಗೆ ಮಾಡಿದ 26 ಕಸುಬುಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ: ಪಾಠ ಹೇಳುವುದು, ಪತ್ರ ಬರೆದುಕೊಡುವುದು, ತಾಯಿತ ಮಾಡುವುದು, ಕರಡು ತಿದ್ದುವುದು, ಹೀಗೆ. 1622ರಲ್ಲೇ ಅವನ ಮಗ ಜೆಬುಲುನ್ ಕೊಲೆಯಾಗಿದ್ದ. ಆ ದುಃಖದ ವರ್ಷದಲ್ಲಿ ಅವನ ಮೇಜಿನ ಮೇಲೆ ಈ ಎಂಟು ದನಿಗಳ ಕರಡು ಬಂದು ಬಿದ್ದಿತ್ತು.

ಅವನ ವಾದ ಸ್ವಾರಸ್ಯವಾದದ್ದು. ದೇವಾಲಯದಲ್ಲಿ ಲೇವಿಯರು ಶಾಸ್ತ್ರೋಕ್ತವಾಗಿ ಹಾಡುತ್ತಿದ್ದರು. ದೇಶ ಕಳೆದುಕೊಂಡು ಅಲೆದಾಗ ನಾವು ಆ ವಿದ್ಯೆಯನ್ನೂ ಕಳೆದುಕೊಂಡೆವು. ಪಕ್ಕದ ಮನೆಯವರು ಅದನ್ನು ಕಲಿತು ಬೆಳೆಸಿದರು. ಈಗ ರೊಸ್ಸಿ ಅದನ್ನು ತನ್ನ ಮನೆಗೆ ವಾಪಸು ತಂದಿದ್ದಾನೆ. ಅಂದರೆ, ನಾವು ಇವತ್ತು 'ಮರೆತುಹೋಗಿದ್ದ ಸಂಗೀತ' ಎಂದು ಹಾಡುವ ಈ ಹಾಡುಗಳು ಹುಟ್ಟುವಾಗಲೇ 'ಮರೆತುಹೋಗಿದ್ದು ಸಿಕ್ಕಿತು' ಎಂಬ ಹಣೆಪಟ್ಟಿ ಹೊತ್ತು ಬಂದವು. ರೊಸ್ಸಿಯ ಸ್ವರಗಳಲ್ಲಿ ಸಿನಗಾಗಿನ ಹಳೆಯ ಧಾಟಿಗಳು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅದು ಅವನ ಕಾಲದ ಇಟಲಿಯ ಹೊಚ್ಚಹೊಸ ಸಂಗೀತ. ಐದು ದನಿಯ ಒಂದು ಪ್ರಾರ್ಥನೆ ಅರಮನೆಯ ಕುಣಿತದ ಹಾಡಿನಂತೆಯೇ ಜಿಗಿಯುತ್ತದೆ. ಹೊಸದನ್ನು ಒಳಗೆ ಬಿಡಲು ಅದನ್ನು ಹಳೆಯದೆಂದು ಕರೆಯಬೇಕಾಯಿತು.

ಅಚ್ಚಿನವರ ಮನೆಯಲ್ಲಿ ಬೆಳೆದ ನನಗೆ ಆ ಪುಸ್ತಕದಲ್ಲಿ ತೀರ ಇಷ್ಟವಾದದ್ದು ಹಕ್ಕುಸ್ವಾಮ್ಯದ ಪುಟ. ಪುಸ್ತಕಕ್ಕೆ ರೊಸ್ಸಿ ಬಹಳ ದುಡ್ಡು ಸುರಿದಿದ್ದಾನೆ, ಅವನಿಗೆ ನಷ್ಟವಾಗಬಾರದು. ಮುಂದಿನ 15 ವರ್ಷ ಅವನ ಅಪ್ಪಣೆಯಿಲ್ಲದೆ ಯಾವ ಊರಿನ ಯೆಹೂದಿಯೂ ಇದನ್ನು ಅಚ್ಚು ಹಾಕಕೂಡದು, ಬೇರೆಯವರಿಂದ ಕೊಳ್ಳಲೂ ಕೂಡದು. ಮೀರಿದವರಿಗೆ ಹಾವಿನ ಕಡಿತದ ಶಾಪ. ಇದಕ್ಕೆ ರಬ್ಬಿಗಳ ರುಜು ಬೇರೆ. ಕಳ್ಳ ಪ್ರತಿ ಮಾಡುವವರಿಗೆ ನಮ್ಮ ಪ್ರಕಾಶಕರು ಹಾಕುವ ಒಂದು ಸಾಲಿನ ಬೆದರಿಕೆಗಿಂತ ಇದು ಗಟ್ಟಿ.

ಶಾಪದ ಅವಧಿ ಮುಗಿಯುವ ಮೊದಲೇ ಹಾಡುವವರು ಮುಗಿದರು. 1628ರಲ್ಲಿ ಮೊದೆನಾ ವೆನಿಸಿನ ಗೆಟ್ಟೊದಲ್ಲಿ ಒಂದು ಸಂಗೀತ ಮಂಡಳಿ ಕಟ್ಟಿದ. ಆ ಕಾಲದ ಒಂದು ಹಬ್ಬದಲ್ಲಿ ಎರಡು ಮೇಳಗಳು ಎದುರುಬದುರು ನಿಂತು ಹಾಡಿದವಂತೆ. ಕೇಳಲು ಕ್ರೈಸ್ತ ಶ್ರೀಮಂತರೂ ಅವರ ಹೆಂಗಸರೂ ನುಗ್ಗಿ, ಬಾಗಿಲಲ್ಲಿ ಕಾವಲುಗಾರರನ್ನು ನಿಲ್ಲಿಸಬೇಕಾಯಿತಂತೆ. ಯಾರೋ ಆರ್ಗನ್ ಕೂಡ ಹೊತ್ತು ತಂದಿದ್ದರು. ಅದು ಇಗರ್ಜಿಯ ವಾದ್ಯವೆಂದು ರಬ್ಬಿಗಳು ಒಪ್ಪಲಿಲ್ಲ. ಇಷ್ಟರಲ್ಲಿ ಮಾಂಟುವಾದ ಗೊನ್ಜಾಗಾ ವಂಶದ ನೇರ ಕುಡಿ 1627ರ ಕೊನೆಗೆ ಕಡಿದುಹೋಗಿ ಗಾದಿಗಾಗಿ ಯುದ್ಧ ಶುರುವಾಗಿತ್ತು. 1630ರ ಜುಲೈಯಲ್ಲಿ ಪವಿತ್ರ ರೋಮನ್ ಚಕ್ರವರ್ತಿಯ ಸೈನ್ಯ ಊರನ್ನು ಸೂರೆ ಮಾಡಿತು, ಯೆಹೂದಿಗಳನ್ನು ಹೊರಗಟ್ಟಿತು. ಜೊತೆಗೆ ಪ್ಲೇಗು. ಬದುಕುಳಿದ ಹಾಡುಗಾರರಲ್ಲಿ ಕೆಲವರು ವೆನಿಸಿಗೆ ಬಂದು ಮೊದೆನಾನ ಮಂಡಳಿ ಸೇರಿದರು. ಪ್ಲೇಗು ಅಲ್ಲಿಗೂ ಬಂತು. ಮಂಡಳಿ ಮತ್ತೆ ಚೇತರಿಸಿಕೊಳ್ಳಲಿಲ್ಲ. 1628ರ ಪುಸ್ತಕದ ನಂತರ ರೊಸ್ಸಿಯ ಸುದ್ದಿಯೇ ಇಲ್ಲ.

ಗಮನಿಸಬೇಕಾದ ಸಂಗತಿ ಇದು: ಪುಸ್ತಕ ಸುಡಲಿಲ್ಲ, ನಿಷೇಧವಾಗಲಿಲ್ಲ. ಪ್ರತಿಗಳು ಅಲ್ಲಲ್ಲಿ ಉಳಿದವು. ಆದರೆ ಅದು ಒಂದು ಪುಸ್ತಕವಲ್ಲ, ಎಂಟು. ಆಗಿನ ಪದ್ಧತಿಯಲ್ಲಿ ಪ್ರತಿ ದನಿಗೆ ಬೇರೆ ಬೇರೆ ಪುಸ್ತಕ: ಸೊಪ್ರಾನೊ ಹಾಡುವವನ ಕೈಯಲ್ಲಿ ಸೊಪ್ರಾನೊ ಮಾತ್ರ, ಬಾಸಿನವನ ಕೈಯಲ್ಲಿ ಬಾಸ್ ಮಾತ್ರ. ಒಬ್ಬನ ಪುಸ್ತಕದಲ್ಲಿ ಇನ್ನೊಬ್ಬನ ಸ್ವರ ಇರುವುದಿಲ್ಲ. ಬಾಸ್ ಹಾಡುವವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ನಮ್ಮ ಸಾಲನ್ನು ಒಂಟಿಯಾಗಿ ಮನೆಯಲ್ಲಿ ಹಾಡಿದರೆ ಹೆಂಡತಿ ಮಕ್ಕಳು 'ಇದು ಯಾವ ಹಾಡು' ಎಂದು ಕೇಳುತ್ತಾರೆ. ಅದು ಯಾವ ಹಾಡೂ ಅಲ್ಲ. ಎಂಟು ಪುಸ್ತಕ, ಎಂಟು ಕಂಠ, ಸ್ವರ ಓದಬಲ್ಲ ಎಂಟು ಜೊತೆ ಕಣ್ಣು ಒಂದೇ ಕೋಣೆಯಲ್ಲಿ ಸೇರಿದಾಗ ಮಾತ್ರ ಅದು ಹಾಡು. ಒಬ್ಬ ಅಜ್ಜಿ ಬದುಕಿದ್ದರೆ ಒಂದು ಸೋಬಾನೆ ಪದ ಉಳಿಯುತ್ತದೆ. ಮೇಳದ ಸಂಗೀತಕ್ಕೆ ಆ ಭಾಗ್ಯವಿಲ್ಲ. ಅದು ಮರೆತುಹೋಗುವುದೆಂದರೆ ಜನ ಚದುರುವುದು, ಅಷ್ಟೆ.

ಮತ್ತೆ ಜನ ಕೂಡಲು ಎರಡೂವರೆ ಶತಮಾನ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಗೆಟ್ಟೊಗಳ ಬಾಗಿಲು ತೆರೆದು ಯೆಹೂದಿಗಳಿಗೆ ನಾಗರಿಕ ಹಕ್ಕುಗಳು ಸಿಗತೊಡಗಿದಾಗ ದೊಡ್ಡ ನಗರಗಳಲ್ಲಿ ದೊಡ್ಡ ಸಿನಗಾಗ್‌ಗಳೆದ್ದವು, ಅವುಗಳಲ್ಲಿ ತರಬೇತಾದ ಮೇಳಗಳು ನಿಂತವು. ವಿಯೆನ್ನಾದಲ್ಲಿ ಸಾಲೊಮನ್ ಸುಲ್ಜರ್ ಹಾಡುತ್ತಿದ್ದ. ಅವನ ಸಿನಗಾಗಿಗೆಂದು ಶೂಬರ್ಟ್ 1828ರಲ್ಲಿ 92ನೆಯ ಕೀರ್ತನೆಗೆ ಹೀಬ್ರೂವಿನಲ್ಲೇ ಸಂಗೀತ ಹಾಕಿದ. ಬರ್ಲಿನ್ನಿನಲ್ಲಿ ಸುಮಾರು 3,200 ಮಂದಿ ಕೂರಬಹುದಾದ ಹೊಸ ಸಿನಗಾಗ್ 1866ರಲ್ಲಿ ತೆರೆಯಿತು. ಅಲ್ಲಿ ಲೂಯಿ ಲೆವಾಂಡೊವ್ಸ್ಕಿ ಮೇಳ ನಡೆಸುತ್ತಿದ್ದ, ಆರ್ಗನ್ ಕೂಡ ಇತ್ತು. ಹಳಬರ ಆಕ್ಷೇಪ ಮತ್ತದೇ: ಇದು ಇಗರ್ಜಿಯ ಅನುಕರಣೆ.

ಪ್ಯಾರಿಸಿನ ಸಿನಗಾಗಿನ ಮುಖ್ಯ ಹಾಡುಗಾರ ಸಾಮ್ಯುಯೆಲ್ ನೌಂಬುರ್ಗನ ಕೈಗೆ ರೊಸ್ಸಿ ಸಿಕ್ಕಿದ್ದು ಈ ಹೊತ್ತಿನಲ್ಲಿ. ಇಟಲಿ ಪ್ರವಾಸದಲ್ಲಿದ್ದ ಬ್ಯಾರನ್ ಎದ್ಮೊಂ ದ ರೋತ್‌ಶಿಲ್ಡ್ ಹಳೆಯ ಸಂಪುಟಗಳನ್ನು ಕಂಡು ತಂದುಕೊಟ್ಟರೆಂದು ಹೇಳುತ್ತಾರೆ. ನೌಂಬುರ್ಗ್ ಬಿಡಿ ಪುಸ್ತಕಗಳ ಸಾಲುಗಳನ್ನು ಒಂದರ ಕೆಳಗೊಂದು ಬರೆದು, ಎಲ್ಲ ದನಿಗಳೂ ಒಟ್ಟಿಗೆ ಕಾಣುವ ಪ್ರತಿ ತಯಾರಿಸಿ, 33ರಲ್ಲಿ 30 ರಚನೆಗಳನ್ನು 1876-77ರಲ್ಲಿ ಪ್ರಕಟಿಸಿದ. ತನ್ನ ಮೇಳಕ್ಕೆ ಅನುಕೂಲವಾಗುವಂತೆ ಧಾರಾಳವಾಗಿ ತಿದ್ದಿದ. ಅವನಿಗೆ ಬೇಕಾಗಿದ್ದದ್ದು ಸಂಶೋಧನೆಯಲ್ಲ, ಸಾಕ್ಷಿ: ಸಿನಗಾಗಿನಲ್ಲಿ ದನಿಗೂಡಿಸಿ ಹಾಡುವುದು ನಿನ್ನೆ ಮೊನ್ನೆಯ ಅನುಕರಣೆಯಲ್ಲ ಎಂಬುದಕ್ಕೆ 1622ರ ಅಚ್ಚಿನ ಸಾಕ್ಷಿ. ಮೊದೆನಾ ಲೇವಿಯರನ್ನು ಕರೆತಂದಂತೆ ನೌಂಬುರ್ಗ್ ರೊಸ್ಸಿಯನ್ನು ಕರೆತಂದ.

ಆ ಕೆಲಸದಲ್ಲಿ ನೌಂಬುರ್ಗನಿಗೆ ನೆರವಾಗಿ ಇಟಾಲಿಯನ್ ಪ್ರೇಮಗೀತೆಗಳ ಭಾಗವನ್ನು ಸಿದ್ಧಮಾಡಿದವನು ಇಪ್ಪತ್ತೈದರ ತರುಣ ವ್ಯಾನ್ಸಾಂ ದಾಂದಿ. ಮುಂದೆ ಫ್ರಾನ್ಸಿನ ಹೆಸರಾಂತ ಸಂಗೀತಗಾರನಾದ, ಮೊಂತೆವೆರ್ದಿಯ 'ಒರ್ಫೆಯೊ'ವನ್ನೂ ಮತ್ತೆ ಬೆಳಕಿಗೆ ತಂದ. ಯೆಹೂದಿ ಸೇನಾಧಿಕಾರಿಯೊಬ್ಬನ ಮೇಲೆ ಸುಳ್ಳು ದೇಶದ್ರೋಹ ಹೊರಿಸಿದ ಡ್ರೆಫ್ಯೂಸ್ ಪ್ರಕರಣದಲ್ಲಿ ಅದೇ ದಾಂದಿ ಯೆಹೂದಿ ದ್ವೇಷಿಗಳ ಪಾಳೆಯದಲ್ಲಿ ನಿಂತು ಬಾಯ್ತುಂಬ ವಿಷ ಕಾರಿದ. ಒಳ್ಳೆಯ ಸಂಗೀತದ ಜೊತೆ ಒಡನಾಡಿದರೆ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದು ನಮ್ಮ ಕೊಯರಿನ ವಾರ್ಷಿಕೋತ್ಸವಗಳಲ್ಲಿ ಭಾಷಣ ಮಾಡುವವರು ಈ ಒಂದು ಉದಾಹರಣೆಯನ್ನು ನೆನಪಿಟ್ಟುಕೊಳ್ಳಬೇಕು.

ಇಪ್ಪತ್ತನೆಯ ಶತಮಾನ ಮೇಳಗಳನ್ನೇ ಕೊಂದಿತು. ಬರ್ಲಿನ್ನಿನ ಆ ದೊಡ್ಡ ಸಿನಗಾಗ್ 1943ರ ಬಾಂಬಿಗೆ ಸಿಕ್ಕಿತು; ಅದಕ್ಕೆ ಮೊದಲೇ ಅದರೊಳಗೆ ಹಾಡುತ್ತಿದ್ದ ಜನರನ್ನು ನಾಜಿಗಳು ಸಾಗಿಸಿಬಿಟ್ಟಿದ್ದರು. ಯುದ್ಧದ ನಂತರ ರೊಸ್ಸಿಯತ್ತ ತಿರುಗಿದವರು ಬೇರೆ ಥರದವರು. ಸಾಕ್ಷಿಯಾಗಲಿ ಪರವಾನಗಿಯಾಗಲಿ ಇವರಿಗೆ ಬೇಕಿರಲಿಲ್ಲ. ಏನೇನಿತ್ತು ಎಂದು ಒಂದೊಂದಾಗಿ ಎಣಿಸಿ ಇಡಬೇಕಿತ್ತು. ನ್ಯೂಯಾರ್ಕಿನಲ್ಲಿ ಫ್ರಿಟ್ಜ್ ರಿಕ್ಕೊ 1967ರಿಂದ 1973ರವರೆಗೆ ಹೀಬ್ರೂ ಹಾಡುಗಳ ಹೊಸ ಆವೃತ್ತಿ ತಂದರು. ಡಾನ್ ಹರಾನ್ ಎಂಬ ವಿದ್ವಾಂಸರು ರೊಸ್ಸಿಯ ಎಲ್ಲ ಕೃತಿಗಳನ್ನೂ ಮೂಲದ ಅಚ್ಚುಗಳಿಂದ ಸಂಪಾದಿಸಿದರು, 1999ರಲ್ಲಿ ಅವನ ಬದುಕಿನ ಬಗ್ಗೆ ಗ್ರಂಥ ಬರೆದರು. ಬಾಸ್ಟನ್ನಿನಲ್ಲಿ 1969ರಲ್ಲಿ ಜೋಶುವಾ ಜೇಕಬ್ಸನ್ ಕಟ್ಟಿದ ಝಾಮಿರ್ ಮೇಳ ಈ ಹಾಡುಗಳನ್ನು ವೇದಿಕೆಗೆ ತಂದಿತು. ಇಸ್ರೇಲಿನ ಏಲಾಂ ರೊಟೆಮ್ ಕಟ್ಟಿದ 'ಪ್ರೊಫೆತಿ ದೆಲ್ಲಾ ಕ್ವಿಂತಾ' ಎಂಬ ಗಂಡಸರ ಪುಟ್ಟ ಮೇಳ ರೊಸ್ಸಿಯ ಧ್ವನಿಮುದ್ರಿಕೆ ಮಾಡಿತು. 2012ರಲ್ಲಿ ಜೋಸೆಫ್ ರೋಕ್ಲಿಟ್ಜ್ ತೆಗೆದ ಸಾಕ್ಷ್ಯಚಿತ್ರ ಇದೇ ಗಾಯಕರನ್ನು ಮಾಂಟುವಾಕ್ಕೆ ಕರೆದೊಯ್ಯುತ್ತದೆ. ಈ ಮೇಳದ ಈಗಿನ ನೆಲೆ ಬಾಸೆಲ್ ನಗರ. ನಮ್ಮ ಸಭೆಗೆ ನಾಲ್ಕು ದನಿ ಕಲಿಸಿದ ಮಿಶನರಿಗಳನ್ನು ಕಳಿಸಿದ ಊರೂ ಅದೇ.

ಎಲ್ಲ ದನಿಗಳೂ ಸೇರಿದ ಪ್ರತಿಗಳು ಈಗ ಅಂತರಜಾಲದಲ್ಲಿ ಬಿಟ್ಟಿ ಸಿಗುತ್ತವೆ, ಹೀಬ್ರೂ ಪದಗಳನ್ನು ರೋಮನ್ ಅಕ್ಷರದಲ್ಲಿ ಒಡೆದು ಸ್ವರದ ಕೆಳಗೆ ಕೂಡಿಸಿದವು. ನಾವು ಕೆಲವರು ಕೊಯರಿನ ಅಭ್ಯಾಸ ಮುಗಿದ ಮೇಲೆ ಒಬ್ಬರ ಮನೆಯಲ್ಲಿ ಕೂತು ಹಾಡತೊಡಗಿದೆವು. ಮೊದಲು ಮೂರು ದನಿಯ ಒಂದು ಪುಟ್ಟ ರಚನೆ. ಪ್ರಾರ್ಥನೆಗೆ ಕೂಡಿ ಬನ್ನಿ ಎಂದು ಸಭೆಯನ್ನು ಕರೆಯುವುದು. ಮನೆಯ ಹಿರಿಯರಾದ ದೊಡ್ಡಮ್ಮ ಕೇಳಿಸಿಕೊಂಡು, "ಅದು ಅವರ ಆರಾಧನೆ ಅಲ್ವಾ ಮಗಾ, ನಾವು ಹಾಡಬಹುದಾ?" ಅಂದರು.

"ಭಾನುವಾರ ನಾವು ಓದುವ ಕೀರ್ತನೆಗಳೂ ಅವರದ್ದೇ ಅಲ್ವಾ ದೊಡ್ಡಮ್ಮ?"

"ಹಾಗಾದ್ರೆ ಉಚ್ಚಾರ ಸರಿ ಕಲಿತು ಹಾಡಿ. ಅರ್ಧಂಬರ್ಧ ಬೇಡ."

ದೊಡ್ಡಮ್ಮನ ಪ್ರಶ್ನೆ ಹಗುರವಾದುದಲ್ಲ. ಅದಕ್ಕೆ ನಾವು ಕಂಡುಕೊಂಡ ಉತ್ತರ ಇಷ್ಟು: ಸತ್ತವರ ನೆನಪಿಗೆ ಯೆಹೂದಿಗಳು ಹೇಳುವ ಪ್ರಾರ್ಥನೆಯನ್ನು, ರೊಸ್ಸಿಯ ಸಂಗೀತ ಎಷ್ಟೇ ಚಂದವಿರಲಿ, ವೇದಿಕೆಯಲ್ಲಿ ಚಪ್ಪಾಳೆಗೆ ಹಾಡುವುದಿಲ್ಲ. ಕೀರ್ತನೆಗಳನ್ನು ಹಾಡುತ್ತೇವೆ. ಉಚ್ಚಾರದ ಪಾಠವೂ ಸುಲಭವಾಗಲಿಲ್ಲ. ಇವತ್ತಿನ ಮೇಳಗಳು ಬಹುಮಟ್ಟಿಗೆ ಇಸ್ರೇಲಿನ ಈಗಿನ ಉಚ್ಚಾರದಲ್ಲಿ ಹಾಡುತ್ತವೆ. ರೊಸ್ಸಿಯ ಕಾಲದ ಇಟಲಿಯ ಯೆಹೂದಿಗಳು 'ಅಯಿನ್' ಎಂಬ ಅಕ್ಷರವನ್ನು ಮೂಗಿನಲ್ಲಿ, ಹತ್ತಿರಹತ್ತಿರ ನಮ್ಮ 'ಙ'ದಂತೆ ನುಡಿಯುತ್ತಿದ್ದರು. ಇಂಗ್ಲಿಷ್ ಮೇಳಗಳಿಗೆ ಪದದ ಮೊದಲಲ್ಲಿ ಅದನ್ನು ಹೊರಡಿಸುವುದು ಕಷ್ಟ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಅಕ್ಷರಕ್ಕೆ ಕೊನೆಗೂ ಒಂದು ನೌಕರಿ ಸಿಕ್ಕಿತು.

ಆಮೇಲೆ ನಾವು ಹಿಡಿದದ್ದು 137ನೆಯ ಕೀರ್ತನೆ, ನಾಲ್ಕು ದನಿಗೆ. ಬಾಬೆಲಿನಲ್ಲಿ ಸೆರೆಯಾದವರು ನದೀತೀರದ ಮರಗಳಿಗೆ ವಾದ್ಯ ತೂಗುಹಾಕಿ ಕೂತ ಪ್ರಸಂಗ ಅದು. ಸೆರೆಹಿಡಿದವರು ನಿಮ್ಮೂರಿನ ಹಾಡು ಹಾಡಿ ಎನ್ನುತ್ತಾರೆ. ಪರದೇಶದಲ್ಲಿ ಹೇಗೆ ಹಾಡುವುದು ಎಂದು ಇವರು ಸುಮ್ಮನಾಗುತ್ತಾರೆ. ದೇಶ ಕಳೆದುಕೊಂಡವರು ಹಾಡಬಾರದು ಎನ್ನುತ್ತಿದ್ದವರಿಗೆ ಆಧಾರವಾಗಿದ್ದ ಭಾವ ಇದೇ. ಅದನ್ನೇ ರೊಸ್ಸಿ ಹಾಡಾಗಿಸಿದ, ಅದೂ ಡ್ಯೂಕನ ಮುಂದೆ ದಿನವೂ ಡ್ಯೂಕನ ಭಾಷೆಯ ಹಾಡು ಕೇಳಿಸುತ್ತಿದ್ದ ಮನುಷ್ಯ. ಸ್ವರಗಳು ಮೆಲ್ಲಗೆ, ಎಲ್ಲ ದನಿಗಳೂ ಹೆಚ್ಚಾಗಿ ಒಟ್ಟೊಟ್ಟಿಗೆ ಪದ ಹೇಳುತ್ತ ಸಾಗುತ್ತವೆ; ಯಾರೂ ಮುಂದೆ ಹೋಗಿ ಮೆರೆಯುವುದಿಲ್ಲ. ಪ್ರಾರ್ಥನೆಯ ಮಾತು ಕೇಳಿಸಬೇಕು ಎಂಬ ಕಾಳಜಿ ಎದ್ದು ಕಾಣುತ್ತದೆ. ನಮ್ಮ ಸಂಗೀತ ಪುಸ್ತಕದಲ್ಲಿ ಹ್ರಸ್ವವನ್ನು ಎಳೆದೆಳೆದು ಅಭ್ಯಾಸವಾದ ನಮಗೆ, ಹೀಬ್ರೂವಿನ ಒತ್ತು ಬೀಳುವಲ್ಲೇ ಸ್ವರವೂ ಬೀಳುವುದನ್ನು ಕಂಡು ಹೊಟ್ಟೆಕಿಚ್ಚಾಯಿತು. ಪರಸಂಗೀತಕ್ಕೆ ಸ್ವಂತ ನುಡಿ ಕೂಡಿಸುವ ಕೆಲಸವನ್ನು ಆ ನುಡಿಯಲ್ಲೇ ಹುಟ್ಟಿದವನು ಮಾಡಿದರೆ ಹೀಗಿರುತ್ತದೆ.

ಮೊದೆನಾ, ನೌಂಬುರ್ಗ್, ಯುದ್ಧಾನಂತರದ ವಿದ್ವಾಂಸರು: ಮೂರು ಸಲ 'ಸಿಕ್ಕಿತು' ಎಂದು ಸಾರಿದ ಹಾಡುಗಳಿವು. ಪ್ರತಿ ಸಲವೂ ಸಿಕ್ಕವರಿಗೆ ಬೇಕಾದದ್ದು ಬೇರೆ. ಒಬ್ಬನಿಗೆ ಪರವಾನಗಿ, ಇನ್ನೊಬ್ಬನಿಗೆ ಸಾಕ್ಷಿ, ಮತ್ತೆ ಕೆಲವರಿಗೆ ಲೆಕ್ಕ. ಈ ಕಥೆ ಓದಿದ ಮೇಲೆ, ಮರೆತುಹೋದ ಸಂಗೀತವನ್ನು ಗ್ರಂಥಾಲಯ ಉಳಿಸಿತು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಗ್ರಂಥಾಲಯ ಕಾಗದ ಉಳಿಸಿತು. ರೊಸ್ಸಿ ಮೂರು ದನಿಯಿಂದ ಎಂಟು ದನಿಯವರೆಗೆ ಬರೆದದ್ದರ ಉಪಯೋಗ ನಮಗೆ ಹೊಳೆದದ್ದೂ ಹಾಡತೊಡಗಿದ ಮೇಲೆ: ಮೂವರೇ ಸಿಕ್ಕ ಊರಿನವರಿಗೂ ಅದರಲ್ಲಿ ಒಂದು ಹಾಡಿದೆ, ಎಂಟು ಮಂದಿ ಸಿಕ್ಕವರಿಗೂ ಇದೆ. ಎಂಟು ದನಿಯ 'ಅದೋನ್ ಓಲಾಮ್' ಸ್ತುತಿಯನ್ನು ಹಿಡಿಯಬೇಕೆಂದು ನಮಗೆ ಆಸೆ. ಎರಡು ಮೇಳಗಳು ಎದುರುಬದುರು ನಿಲ್ಲಬೇಕು, ಎರಡಕ್ಕೂ ಟೆನರ್ ಬೇಕು. ಇರುವ ಟೆನರುಗಳಲ್ಲಿ ಒಬ್ಬ ದುಬೈಗೆ ಹೋದ, ಇನ್ನೊಬ್ಬನಿಗೆ ರಾತ್ರಿ ಪಾಳಿ. ಬಲ್ಮಠದ ಸುತ್ತಮುತ್ತ ಸ್ವರ ಓದಬಲ್ಲ ಟೆನರ್ ಯಾರಾದರೂ ಇದ್ದರೆ ಶನಿವಾರ ಸಂಜೆ ಬರಲಿ. ಙ ನಾವು ಕಲಿಸುತ್ತೇವೆ.